ಈ ಮಗುವಿಗೆ ನೈಟ್ರಸ್ ಕೊಡಬಹುದೇ?

ಅಪರೂಪದ ಆನುವಂಶಿಕ ಕಾಯಿಲೆಯೊಂದು, 180 ವರ್ಷ ಹಳೆಯ ಅರಿವಳಿಕೆ ಅನಿಲವೊಂದು. ಇವೆರಡೂ ಒಂದೇ ಮೇಜಿನ ಮೇಲೆ ಎದುರಾದಾಗ ಕೇಳಲೇಬೇಕಾದ ಪ್ರಶ್ನೆಗಳು.

ಟ್ಯೂಬರಸ್ ಸ್ಕ್ಲಿರೋಸಿಸ್ ಇರುವ ಮಗು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಅರಿವಳಿಕೆ ತಜ್ಞರ ಮುಂದೆ ಹಲವು ಸಲ ಮಲಗಿ ಎದ್ದಿರುತ್ತದೆ. ಈ ಕಾಯಿಲೆ ಇರುವವರಿಗೆ 25 ವರ್ಷ ತುಂಬುವವರೆಗೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಮಿದುಳಿನ ಎಂಆರ್‌ಐ ಆಗಬೇಕು, ಹೊಟ್ಟೆಯ ಎಂಆರ್‌ಐ ಆಯುಷ್ಯವಿಡೀ ಇದೇ ಅಂತರದಲ್ಲಿ ನಡೆಯುತ್ತಿರಬೇಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಅಷ್ಟು ಸದ್ದು ಮಾಡುವ ಯಂತ್ರದೊಳಗೆ ಅಲುಗಾಡದೆ ಮಲಗು ಎಂದರೆ ಯಾವ ನಾಲ್ಕು ವರ್ಷದ ಮಗು ಮಲಗೀತು? ಅದರಲ್ಲೂ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ, ಆಟಿಸಂ ಇರುವ ಮಗು? ಹಾಗಾಗಿ ಮಂಪರು ಬರಿಸಬೇಕು, ಇಲ್ಲವೇ ಪೂರ್ಣ ಅರಿವಳಿಕೆ ಕೊಡಬೇಕು. ಇದರ ಜೊತೆಗೆ ಹಲ್ಲಿನ ಚಿಕಿತ್ಸೆ, ಮುಖದ ಗುಳ್ಳೆಗಳಿಗೆ ಲೇಸರ್, ಫಿಟ್ಸ್ ಹತೋಟಿಗೆ ಬಾರದಿದ್ದರೆ ಮಿದುಳಿನ ಶಸ್ತ್ರಚಿಕಿತ್ಸೆ, ದೊಡ್ಡವರಾದ ಮೇಲೆ ಮೂತ್ರಪಿಂಡದ ಗೆಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವ ಚಿಕಿತ್ಸೆ. ಪ್ರತಿಸಲವೂ ಒಂದು ಒಪ್ಪಿಗೆ ಪತ್ರ. ಬಹುಪಾಲು ಪ್ರತಿಸಲವೂ ಹೊಸ ಅರಿವಳಿಕೆ ವೈದ್ಯರು.

ಆ ವೈದ್ಯರ ಪಕ್ಕದಲ್ಲಿರುವ ಯಂತ್ರಕ್ಕೆ ಆಮ್ಲಜನಕದ ಜೊತೆಗೆ ನೀಲಿ ಬಣ್ಣದ ಸಿಲಿಂಡರಿನಿಂದಲೋ ಗೋಡೆಯ ಕೊಳವೆಯಿಂದಲೋ ಇನ್ನೊಂದು ಅನಿಲ ಬರುತ್ತಿರುತ್ತದೆ. ಅದು ನೈಟ್ರಸ್ ಆಕ್ಸೈಡ್, ಜನ ನಗೆ ಅನಿಲ ಎಂದು ಕರೆಯುವುದು. ಬಣ್ಣವಿಲ್ಲ, ತುಸು ಸಿಹಿ ವಾಸನೆ, ಮೂಗಿಗೆ ಕಿರಿಕಿರಿಯಿಲ್ಲ, ಮಕ್ಕಳು ಅಳದೆ ಒಳಗೆಳೆದುಕೊಳ್ಳುತ್ತಾರೆ. ಟ್ಯೂಬರಸ್ ಸ್ಕ್ಲಿರೋಸಿಸ್ ಇರುವ ಮಗುವಿಗೆ ಇದನ್ನು ಕೊಡಬಹುದೇ? ರೋಗದ ಹೆಸರೊಂದನ್ನೇ ನೋಡಿ ನೈಟ್ರಸ್ ನಿಷಿದ್ಧ ಎನ್ನುವ ನಿಯಮ ವೈದ್ಯಶಾಸ್ತ್ರದಲ್ಲಿಲ್ಲ. ಯೋಚಿಸದೆ ಕೊಡಿ ಎಂದು ಹೇಳುವವರೂ ಇಲ್ಲ. ಒಂದೇ ಕಾಯಿಲೆಯ ಇಬ್ಬರು ಒಂದೇ ದಿನ ಬಂದರೂ ಒಬ್ಬರಿಗೆ ಧೈರ್ಯವಾಗಿ ಕೊಡಬಹುದು, ಇನ್ನೊಬ್ಬರಿಗೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ವೈದ್ಯರಿಗೆ ಗೊತ್ತಿದ್ದರೆ ಸಾಲದು, ಮನೆಯವರಿಗೂ ಗೊತ್ತಿರಬೇಕು ಎಂಬುದೇ ಈ ಬರಹದ ಒತ್ತಾಯ.

ಜೀನಿನ ಒಂದು ತಪ್ಪು, ದೇಹವಿಡೀ ಗೆಡ್ಡೆ

ಮೊದಲಿಗೇ ಹೇಳಿಬಿಡಬೇಕು: ಹೆಸರು ಟ್ಯೂಬರ್‌ಕ್ಯುಲೋಸಿಸ್‌ನಂತೆ ಕೇಳಿಸಿದರೂ ಈ ಕಾಯಿಲೆಗೂ ಕ್ಷಯಕ್ಕೂ ಸಂಬಂಧವಿಲ್ಲ. ಇದು ಅಂಟುವುದಿಲ್ಲ. 1880ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಫಿಟ್ಸ್‌ನಿಂದ ನರಳಿ ತೀರಿಕೊಂಡ 15 ವರ್ಷದ ಹುಡುಗಿಯೊಬ್ಬಳ ಮಿದುಳನ್ನು ಪರೀಕ್ಷಿಸಿದ ವೈದ್ಯ ಡೆಸಿರೆ ಮಾಗ್ಲಾರ್ ಬೂರ್ನ್‌ವಿಲ್, ಅದರ ಮಡಿಕೆಗಳಲ್ಲಿ ಗಟ್ಟಿಯಾದ ಗಡ್ಡೆಗಳನ್ನು ಕಂಡು ವರದಿ ಮಾಡಿದ. ಕಾಯಿಲೆಗೆ ಹೆಸರು ಬಂದದ್ದು ಅಲ್ಲಿಂದ. ಕಾರಣ ತಿಳಿಯಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. 16ನೇ ವರ್ಣತಂತುವಿನಲ್ಲಿರುವ ಟಿಎಸ್‌ಸಿ2 ಜೀನ್ 1993ರಲ್ಲಿ, 9ನೇ ವರ್ಣತಂತುವಿನ ಟಿಎಸ್‌ಸಿ1 ಜೀನ್ 1997ರಲ್ಲಿ ಪತ್ತೆಯಾದವು. ಜೀವಕೋಶ ಎಷ್ಟು ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಎಂಟಾರ್ ಎಂಬ ವ್ಯವಸ್ಥೆಗೆ ಈ ಎರಡೂ ಜೀನುಗಳ ಪ್ರೋಟೀನುಗಳು ಲಗಾಮು ಹಾಕುತ್ತವೆ. ಯಾವುದಾದರೂ ಒಂದು ಕೆಟ್ಟರೆ ಲಗಾಮು ತಪ್ಪಿ ಅಲ್ಲಲ್ಲಿ ಗೆಡ್ಡೆಗಳೇಳುತ್ತವೆ. ಬಹುಪಾಲು ಇವು ಕ್ಯಾನ್ಸರ್ ಅಲ್ಲ. ಆದರೆ ಎಲ್ಲಿ ಏಳುತ್ತವೆ ಎಂಬುದರ ಮೇಲೆ ಅಪಾಯ ನಿಂತಿದೆ.

ಹುಟ್ಟುವ ಸುಮಾರು 6,000 ಮಕ್ಕಳಲ್ಲಿ ಒಂದಕ್ಕೆ ಈ ಕಾಯಿಲೆ ಇರುತ್ತದೆ. ಮೂರರಲ್ಲಿ ಎರಡು ಪಾಲು ಮಕ್ಕಳ ತಂದೆತಾಯಿಗಳಲ್ಲಿ ಇದರ ಸುಳಿವೂ ಇರುವುದಿಲ್ಲ. ಜೀನಿನ ತಪ್ಪು ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ‘ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ’ ಎಂದು ಒಬ್ಬರನ್ನೊಬ್ಬರು ದೂರುವ ಮನೆಗಳಿಗೆ ಈ ಮಾತು ಗಟ್ಟಿಯಾಗಿ ಕೇಳಿಸಬೇಕು. ಲಕ್ಷಣಗಳು ವಯಸ್ಸಿಗೆ ತಕ್ಕಂತೆ ಬದಲಾಗುತ್ತವೆ. ಗರ್ಭದಲ್ಲಿರುವಾಗಲೇ ಹೃದಯದಲ್ಲಿ ಕಾಣುವ ರಾಬ್ಡೋಮಯೋಮ ಗೆಡ್ಡೆಗಳು ಹುಟ್ಟಿದ ಮೇಲೆ ತಾವಾಗಿಯೇ ಕರಗುತ್ತಾ ಬರುತ್ತವೆ. ಹಸುಗೂಸಿನ ಮೈಮೇಲೆ ಬಿಳಚು ಮಚ್ಚೆಗಳಿರುತ್ತವೆ. ಮೊದಲ ವರ್ಷದಲ್ಲೇ ಮಗು ಇದ್ದಕ್ಕಿದ್ದಂತೆ ಮುದುಡಿಕೊಂಡು ಬೆಚ್ಚಿದಂತೆ ಮಾಡುವ ಫಿಟ್ಸ್ ಶುರುವಾಗಬಹುದು. ಸುಮಾರು 85 ಶೇಕಡಾ ರೋಗಿಗಳಿಗೆ ಒಂದಲ್ಲ ಒಂದು ಹಂತದಲ್ಲಿ ಫಿಟ್ಸ್ ಬರುತ್ತದೆ. ಮುಖದ ಕೆಂಪು ಗುಳ್ಳೆಗಳು, ಮೂತ್ರಪಿಂಡದ ಗೆಡ್ಡೆಗಳು ಬಾಲ್ಯ ಕಳೆಯುತ್ತಾ ಬೆಳೆಯುತ್ತವೆ. ಹೆಣ್ಣುಮಕ್ಕಳಲ್ಲಿ ಯೌವನದ ನಂತರ ಶ್ವಾಸಕೋಶದ ಸರದಿ. ಅರಿವಳಿಕೆ ಕೊಡುವವರಿಗೆ ರೋಗಿಯ ವಯಸ್ಸು ಮತ್ತು ಲಿಂಗ ಇಲ್ಲಿ ಬಹಳ ಮುಖ್ಯವಾಗುವುದು ಈ ಕಾರಣಕ್ಕೆ.

ನೀಲಿ ಸಿಲಿಂಡರಿನ ಸ್ವಭಾವ

ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ತಯಾರಿಸಿದ, ಹಂಫ್ರಿ ಡೇವಿ ತಾನೇ ಸೇದಿ ನೋಡಿ 1800ರಲ್ಲಿ ಪುಸ್ತಕ ಬರೆದ ಈ ಅನಿಲ ನಲವತ್ತು ವರ್ಷ ಬರೀ ಮೋಜಿನ ಪ್ರದರ್ಶನಗಳಲ್ಲೇ ಉಳಿಯಿತು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥ ಪ್ರದರ್ಶನ ನೋಡಲು ಹೋದ ದಂತವೈದ್ಯ ಹೊರೇಸ್ ವೆಲ್ಸ್, ಅನಿಲ ಸೇದಿದವನೊಬ್ಬ ಕಾಲಿಗೆ ಗಾಯವಾದರೂ ನೋವೇ ಇಲ್ಲದೆ ಕೂತದ್ದನ್ನು ಗಮನಿಸಿದ. ಮರುದಿನವೇ ಅದನ್ನು ಸೇದಿ ತನ್ನ ಹಲ್ಲು ಕೀಳಿಸಿಕೊಂಡ. ಅಂದಿನಿಂದ ಇಂದಿನವರೆಗೆ ಹಲ್ಲಿನ ಕುರ್ಚಿಗೂ ಈ ಅನಿಲಕ್ಕೂ ನಂಟು ಬಿಟ್ಟಿಲ್ಲ.

ನೋವು ತಗ್ಗಿಸುವುದರಲ್ಲಿ ನೈಟ್ರಸ್ ಚೆನ್ನ, ನಿದ್ರೆ ಬರಿಸುವುದರಲ್ಲಿ ದುರ್ಬಲ. ಇದೊಂದರಿಂದಲೇ ಶಸ್ತ್ರಚಿಕಿತ್ಸೆ ಮಾಡುವಷ್ಟು ಅರಿವಳಿಕೆ ಬರಬೇಕಾದರೆ ಉಸಿರಿನಲ್ಲಿ 104 ಶೇಕಡಾ ಇರಬೇಕು ಎನ್ನುತ್ತದೆ ಲೆಕ್ಕ. ನೂರನ್ನು ಮೀರುವುದು ಸಾಧ್ಯವೇ ಇಲ್ಲ, ಆಮ್ಲಜನಕಕ್ಕೆ ಜಾಗವೂ ಬೇಕು. ಆದ್ದರಿಂದ ಪೂರ್ಣ ಅರಿವಳಿಕೆಯಲ್ಲಿ ಇದು ಯಾವಾಗಲೂ ಸೆವೋಫ್ಲುರೇನ್‌ನಂಥ ಬೇರೆ ಔಷಧದ ಜೊತೆಗಾರ. ಇದನ್ನು ಬಿಟ್ಟರೂ ಅರಿವಳಿಕೆ ನಿಲ್ಲುವುದಿಲ್ಲ ಎಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ. ಮುಂದಿನ ಇಡೀ ವಾದಕ್ಕೆ ಇದು ಬೇಕಾಗುತ್ತದೆ.

ಇದರ ನಿಜವಾದ ಅಪಾಯ ಇರುವುದು ಭೌತಶಾಸ್ತ್ರದಲ್ಲಿ. ನಾವು ಉಸಿರಾಡುವ ಗಾಳಿಯ ಬಹುಪಾಲು ನೈಟ್ರೋಜನ್. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ನೈಟ್ರೋಜನ್‌ಗಿಂತ ಸುಮಾರು 34 ಪಟ್ಟು ಹೆಚ್ಚು ಕರಗುತ್ತದೆ. ದೇಹದೊಳಗೆ ಎಲ್ಲಾದರೂ ಗಾಳಿ ಸಿಕ್ಕಿಹಾಕಿಕೊಂಡಿದ್ದರೆ, ರಕ್ತ ಅಲ್ಲಿಗೆ ನೈಟ್ರಸ್ ಅನ್ನು ಹೊತ್ತು ತರುವಷ್ಟು ಬೇಗ ಅಲ್ಲಿನ ನೈಟ್ರೋಜನ್ ಅನ್ನು ಹೊತ್ತೊಯ್ಯಲಾರದು. ಮದುವೆ ಛತ್ರದ ಬಾಗಿಲಲ್ಲಿ ಒಬ್ಬರು ಹೊರಗೆ ಹೋಗುವಷ್ಟರಲ್ಲಿ ಮೂವತ್ತನಾಲ್ಕು ಮಂದಿ ಒಳಗೆ ನುಗ್ಗಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಹಿಗ್ಗುವ ಜಾಗವಾದರೆ ಹಿಗ್ಗುತ್ತದೆ. ಉಸಿರಿನಲ್ಲಿ ಅರ್ಧದಷ್ಟು ನೈಟ್ರಸ್ ಇದ್ದರೆ ಎರಡು ಪಟ್ಟಿನವರೆಗೆ, ಮುಕ್ಕಾಲು ಪಾಲಿದ್ದರೆ ನಾಲ್ಕು ಪಟ್ಟಿನವರೆಗೆ ಹಿಗ್ಗಬಲ್ಲದು. ಹಿಗ್ಗದ ಜಾಗವಾದರೆ ಒತ್ತಡ ಏರುತ್ತದೆ. ಆದ್ದರಿಂದ ಟ್ಯೂಬರಸ್ ಸ್ಕ್ಲಿರೋಸಿಸ್ ರೋಗಿಯ ವಿಷಯದಲ್ಲಿ ಮೊದಲ ಪ್ರಶ್ನೆ: ಈ ದೇಹದಲ್ಲಿ ಗಾಳಿ ಎಲ್ಲಾದರೂ ಸಿಕ್ಕಿಕೊಂಡಿದೆಯೇ?

ಮಿದುಳಿಗೆ ಗಾಳಿ ತುಂಬುತ್ತಿದ್ದ ಕಾಲ

ಈ ಪ್ರಶ್ನೆಗೂ ಈ ಕಾಯಿಲೆಗೂ ಹಳೆಯದೊಂದು ಕೊಂಡಿಯಿದೆ. ಸಿಟಿ ಸ್ಕ್ಯಾನರ್ ಮೊದಲ ರೋಗಿಯ ತಲೆಯನ್ನು ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದಕ್ಕೂ ಮುಂಚೆ ಬದುಕಿರುವವರ ಮಿದುಳಿನ ಒಳಭಾಗವನ್ನು ನೋಡುವುದು ಹೇಗೆ? ಜಾನ್ಸ್ ಹಾಪ್ಕಿನ್ಸ್‌ನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1919ರಲ್ಲಿ ಒಂದು ದಾರಿ ತೋರಿಸಿದ. ಬೆನ್ನುಹುರಿಯ ಸುತ್ತಲಿನ ದ್ರವವನ್ನು ತೆಗೆದು ಅದರ ಜಾಗಕ್ಕೆ ಗಾಳಿ ತುಂಬುವುದು. ಆ ಗಾಳಿ ಮೇಲೇರಿ ಮಿದುಳಿನ ಕುಹರಗಳನ್ನು ಸೇರುತ್ತದೆ, ಎಕ್ಸ್‌ರೇಯಲ್ಲಿ ಕುಹರಗಳ ಗೋಡೆ ಕಪ್ಪುಬಿಳುಪಾಗಿ ಕಾಣುತ್ತದೆ. ನ್ಯೂಮೋಎನ್ಸೆಫಲೋಗ್ರಫಿ ಎಂಬ ಈ ಪರೀಕ್ಷೆ ಭಯಂಕರ ತಲೆನೋವು, ವಾಂತಿ ತರುತ್ತಿತ್ತು. ಆದರೂ ಐವತ್ತು ವರ್ಷ ನಡೆಯಿತು, ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಟ್ಯೂಬರಸ್ ಸ್ಕ್ಲಿರೋಸಿಸ್ ಪತ್ತೆಗೆ ಆ ಕಾಲದಲ್ಲಿ ದೊಡ್ಡ ಆಧಾರ ಇದೇ. ಕುಹರಗಳ ಗೋಡೆಯುದ್ದಕ್ಕೂ ಸಾಲಾಗಿ ಒಳಕ್ಕೆ ಉಬ್ಬಿದ ಪುಟ್ಟ ಗಂಟುಗಳು ಗಾಳಿಯ ನಡುವೆ ಎದ್ದು ಕಾಣುತ್ತಿದ್ದವು. ಕರಗಿ ಇಳಿದ ಮೇಣದ ಹನಿಗಳಂತೆ ಎಂದು ಅಂದಿನ ಕ್ಷಕಿರಣ ತಜ್ಞರು ಬರೆದಿಟ್ಟರು; ಆ ವರ್ಣನೆ ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಉಳಿದಿದೆ. ಮಕ್ಕಳು ಇಂಥ ಪರೀಕ್ಷೆಗೆ ಎಚ್ಚರದಲ್ಲಿ ಕೂರುವುದಿಲ್ಲವಲ್ಲ. ಅರಿವಳಿಕೆ ಬೇಕಿತ್ತು, ಅರಿವಳಿಕೆ ಎಂದರೆ ಆಗ ಬಹುತೇಕ ನೈಟ್ರಸ್ ಇದ್ದೇ ಇರುತ್ತಿತ್ತು. ಹೀಗೆ ತಲೆಬುರುಡೆಯೆಂಬ ಹಿಗ್ಗದ ಪೆಟ್ಟಿಗೆಯೊಳಗೆ ಗಾಳಿ ತುಂಬಿ, ಮೇಲೆ ನೈಟ್ರಸ್ ಕೊಡುವ ಪದ್ಧತಿ ನಡೆದುಬಂತು.

ಲಾರೆನ್ಸ್ ಸೈಡ್‌ಮನ್ ಮತ್ತು ಎಡ್ಮಂಡ್ ಈಗರ್ ಎಂಬ ಸಂಶೋಧಕರು 1965ರಲ್ಲಿ ಇದನ್ನೇ ಅಳೆದು ನೋಡಿದರು. ಗಾಳಿ ತುಂಬಿದ ಮೇಲೆ ನೈಟ್ರಸ್ ಕೊಟ್ಟಾಗ ಮಿದುಳು-ಬೆನ್ನುಹುರಿಯ ದ್ರವದ ಒತ್ತಡ ಏರುತ್ತಿತ್ತು. ಗಾಳಿಯ ಬದಲು ನೈಟ್ರಸ್ ಅನ್ನೇ ತುಂಬಿದರೆ ಒಳಗೂ ಹೊರಗೂ ಒಂದೇ ಅನಿಲವಾಗುವುದರಿಂದ ಆ ಏರಿಕೆ ತಪ್ಪುತ್ತದೆ. ಅದೇ ವರ್ಷ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನ ನಾಯಿಗಳ ಮೇಲಿನದು: ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿ, 75 ಶೇಕಡಾ ನೈಟ್ರಸ್ ಕೊಟ್ಟಾಗ ಹತ್ತೇ ನಿಮಿಷದಲ್ಲಿ ಎರಡು ಪಟ್ಟಾಯಿತು. ಇವತ್ತು ಜಗತ್ತಿನ ಪ್ರತಿಯೊಬ್ಬ ಅರಿವಳಿಕೆ ವಿದ್ಯಾರ್ಥಿಯೂ ಓದುವ ಪಾಠ ಇದು. ಗಾಳಿ ತುಂಬುವ ಪರೀಕ್ಷೆ ಮ್ಯೂಸಿಯಂ ಸೇರಿತು. ಅದು ಕಲಿಸಿದ ಭೌತಶಾಸ್ತ್ರ ಮಾತ್ರ ಈ ಕಾಯಿಲೆಯವರನ್ನು ಇನ್ನೊಂದು ಅಂಗದಲ್ಲಿ ಕಾಯುತ್ತಿದೆ.

ಎದೆಯೊಳಗಿನ ಗುಳ್ಳೆಗಳು

ಆ ಅಂಗ ಶ್ವಾಸಕೋಶ. ಟ್ಯೂಬರಸ್ ಸ್ಕ್ಲಿರೋಸಿಸ್ ಇರುವ ವಯಸ್ಕ ಮಹಿಳೆಯರಲ್ಲಿ ಲಿಂಫಾಂಜಿಯೋಲಿಯೋಮಯೋಮಟೋಸಿಸ್ ಎಂಬ ತೊಂದರೆ ಸಾಮಾನ್ಯ. ಹೆಸರು ಉದ್ದ, ವೈದ್ಯರೂ ಲ್ಯಾಮ್ ಎಂದೇ ಕರೆಯುತ್ತಾರೆ. ಶ್ವಾಸಕೋಶದ ತುಂಬಾ ತೆಳುಗೋಡೆಯ ಗಾಳಿಗುಳ್ಳೆಗಳು ಏಳುತ್ತವೆ. ವರ್ಷಗಟ್ಟಲೆ ಏನೂ ಗೊತ್ತಾಗದೆ ಇರಬಹುದು. ಮಹಡಿ ಹತ್ತುವಾಗ ತುಸು ಏದುಸಿರು ಬಂದರೆ ರಕ್ತಹೀನತೆ ಎಂದೋ ಮೈ ಭಾರವಾಗಿದೆ ಎಂದೋ ಅಂದುಕೊಳ್ಳುತ್ತೇವೆ. ಮಾಮೂಲಿ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಸಿಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಯಸ್ಸು ಹೆಚ್ಚಿದಂತೆ ಗುಳ್ಳೆಗಳಿರುವವರ ಪ್ರಮಾಣವೂ ಹೆಚ್ಚುತ್ತದೆ. ಗುಳ್ಳೆಯೊಂದು ಒಡೆದರೆ ಗಾಳಿ ಶ್ವಾಸಕೋಶದ ಹೊರಗೆ, ಎದೆಗೂಡಿನೊಳಗೆ ಸೇರಿಕೊಂಡು ಶ್ವಾಸಕೋಶವನ್ನೇ ಅಮುಕುತ್ತದೆ. ನ್ಯೂಮೋಥೊರಾಕ್ಸ್ ಎನ್ನುವುದು ಇದನ್ನೇ. ಲ್ಯಾಮ್ ಇರುವವರಲ್ಲಿ ಇದು ಒಮ್ಮೆ ಬಂದರೆ ಮತ್ತೆ ಮತ್ತೆ ಬರುವ ಸಂಭವ ಹೆಚ್ಚು.

ಈಗ ಎರಡನ್ನೂ ಕೂಡಿಸಿ ನೋಡಿ. 35 ವರ್ಷದ ಮಹಿಳೆ, ಬಾಲ್ಯದಲ್ಲಿ ಫಿಟ್ಸ್ ಇತ್ತು, ಈಗ ಹತೋಟಿಯಲ್ಲಿದೆ, ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಗೆ ಬಂದಿದ್ದಾರೆ. ಎದೆಯ ಸಿಟಿ ಎಂದೂ ಆಗಿಲ್ಲ. ಯಂತ್ರದ ಒತ್ತಡದಿಂದ ಉಸಿರಾಡಿಸುವಾಗ ಗುಳ್ಳೆಯೊಂದು ಒಡೆಯಬಹುದು. ನೈಟ್ರಸ್ ಹರಿಯುತ್ತಿದ್ದರೆ ಹೊರಬಂದ ಅಷ್ಟೇ ಗಾಳಿ ನಿಮಿಷಗಳಲ್ಲಿ ಹಿಗ್ಗಿ ಹೃದಯಕ್ಕೆ ರಕ್ತ ಮರಳದಂತೆ ಒತ್ತಬಹುದು. ಜೊತೆಗೆ ಇನ್ನೊಂದು ನೇರ ಲೆಕ್ಕ: 60 ಶೇಕಡಾ ನೈಟ್ರಸ್ ಕೊಟ್ಟರೆ ಆಮ್ಲಜನಕಕ್ಕೆ ಉಳಿಯುವುದು 40 ಶೇಕಡಾ. ಶ್ವಾಸಕೋಶ ಆಗಲೇ ಸೋತಿರುವವರಿಗೆ ಅದು ಸಾಲದೆ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಈ ಕಾಯಿಲೆಯ ವಯಸ್ಕ ಮಹಿಳೆಯ ಶ್ವಾಸಕೋಶ ಸಿಟಿಯಲ್ಲಿ ಶುದ್ಧವಾಗಿದೆ ಎಂದು ಗೊತ್ತಾಗುವವರೆಗೆ ಅವರಿಗೆ ನೈಟ್ರಸ್ ಕೊಡಲೇಬಾರದು. ಬಿಟ್ಟರೆ ನಷ್ಟವೇನೂ ಇಲ್ಲ.

ಹೆರಿಗೆ ಕೋಣೆಯನ್ನೂ ಇಲ್ಲಿ ನೆನೆಯಬೇಕು. ಅರ್ಧ ನೈಟ್ರಸ್, ಅರ್ಧ ಆಮ್ಲಜನಕ ಬೆರೆಸಿದ ಎಂಟೊನಾಕ್ಸ್ ಅನ್ನು ಹೆರಿಗೆ ನೋವಿಗೆ ಕೊಡುವುದು ಬ್ರಿಟನ್ನಿನಲ್ಲಿ ದಿನನಿತ್ಯದ ವಿಷಯ, ಅಲ್ಲಿನ ಆಂಬುಲೆನ್ಸುಗಳಲ್ಲೂ ಅದು ಇರುತ್ತದೆ. ನಮ್ಮ ನಗರಗಳ ಕೆಲವು ಹೆರಿಗೆ ಆಸ್ಪತ್ರೆಗಳಲ್ಲೂ ಬಂದಿದೆ. ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಈ ಕಾಯಿಲೆ ಇರುವವರು, ಎದೆನೋವೆಂದು ಆಂಬುಲೆನ್ಸ್ ಕರೆದಾಗ ‘ನನಗೆ ಲ್ಯಾಮ್ ಇದೆ, ಎಂಟೊನಾಕ್ಸ್ ಬೇಡ’ ಎಂದು ಮೊದಲೇ ಹೇಳಬೇಕು. ಆ ಎದೆನೋವು ಒಡೆದ ಗುಳ್ಳೆಯದೇ ಆಗಿರಬಹುದು.

ತಲೆಬುರುಡೆಯೊಳಗಿನ ಒತ್ತಡ

ಮಕ್ಕಳ ವಿಷಯದಲ್ಲಿ ಶ್ವಾಸಕೋಶಕ್ಕಿಂತ ಮಿದುಳು ಮುಂದೆ. ಕುಹರದ ಗೋಡೆಯ ಆ ಗಂಟುಗಳಲ್ಲಿ ಕೆಲವು ಬೆಳೆದು ಸೀಗಾ ಎಂದು ವೈದ್ಯರು ಕರೆಯುವ ಗೆಡ್ಡೆಯಾಗುತ್ತವೆ. ಅದು ಬೆಳೆಯುವ ಜಾಗವೇ ಕೆಟ್ಟದ್ದು, ಮಿದುಳಿನ ದ್ರವ ಹರಿಯುವ ಕಿರಿದಾದ ಕಂಡಿಯ ಬಾಯಲ್ಲಿ. ಕಂಡಿ ಮುಚ್ಚಿದರೆ ದ್ರವ ತುಂಬಿ ಒತ್ತಡ ಏರುತ್ತದೆ: ಬೆಳಗಿನ ತಲೆನೋವು, ವಾಂತಿ, ಮಂಕು, ದೃಷ್ಟಿ ಮಂದವಾಗುವುದು. ನೈಟ್ರಸ್ ಮಿದುಳಿನ ರಕ್ತಸಂಚಾರವನ್ನು, ಅದರ ಆಮ್ಲಜನಕದ ಬೇಡಿಕೆಯನ್ನು ಹೆಚ್ಚಿಸುತ್ತದೆ. ಆಗಲೇ ಒತ್ತಡ ಏರಿರುವ ತಲೆಯಲ್ಲಿ ಅದನ್ನು ಇನ್ನಷ್ಟು ಏರಿಸಬಲ್ಲದು. ಸೀಗಾದಿಂದ ದ್ರವ ಕಟ್ಟಿಕೊಂಡಿರುವ ಮಗುವಿಗೆ ಇದನ್ನು ಕೊಡಬಾರದು ಎಂಬುದರಲ್ಲಿ ಅನುಮಾನ ಬೇಡ. ಗೆಡ್ಡೆ ತೆಗೆದ ಮೇಲೂ ಎಚ್ಚರ ತಪ್ಪುವಂತಿಲ್ಲ. ತಲೆಬುರುಡೆ ತೆರೆದು ಮುಚ್ಚಿದಾಗ ಒಳಗೆ ಉಳಿಯುವ ಗಾಳಿ ಹೀರಿಕೊಳ್ಳಲು ವಾರಗಳು ಬೇಕು. ಆ ವಾರಗಳಲ್ಲಿ ಮತ್ತೆ ಯಾವ ಕಾರಣಕ್ಕೆ ಅರಿವಳಿಕೆ ಕೊಟ್ಟರೂ ನೈಟ್ರಸ್ ದೂರವಿರಬೇಕು.

ಫಿಟ್ಸ್ ಬಗ್ಗೆ ಪೋಷಕರಿಗೆ ಇರುವ ಭಯ ಬೇರೆ: ಈ ಅನಿಲವೇ ಫಿಟ್ಸ್ ತರಿಸುತ್ತದೆಯೇ? ಇಲಿಗಳಲ್ಲಿ ನೈಟ್ರಸ್ ನಿಲ್ಲಿಸಿದ ತಕ್ಷಣ ಸೆಳೆತ ಕಂಡ ಪ್ರಯೋಗಗಳಿವೆ. ಮನುಷ್ಯರಲ್ಲಿ ಅದು ತೀರಾ ಅಪರೂಪ. ಮೂರ್ಛೆರೋಗ ಇರುವ ಮಕ್ಕಳಿಗೆ ದಶಕಗಳಿಂದ ಇದನ್ನು ಕೊಡುತ್ತಾ ಬಂದಿದ್ದಾರೆ. ಫಿಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬೇಕಾಗಿಲ್ಲ. ಅರಿವಳಿಕೆಯ ದಿನ ಫಿಟ್ಸ್ ಬಂದರೆ ಅದಕ್ಕೆ ಒಂದು ಕಾರಣ ಹೊಟ್ಟೆ ಖಾಲಿ ಇರಬೇಕೆಂದು ಬೆಳಗಿನ ಮಾತ್ರೆಯನ್ನೂ ತಪ್ಪಿಸಿರುವುದು. ಈ ತಪ್ಪನ್ನು ಸುಲಭವಾಗಿ ತಡೆಯಬಹುದು: ಮಾತ್ರೆಯನ್ನು ಒಂದು ಗುಟುಕು ನೀರಿನೊಂದಿಗೆ ಎಷ್ಟು ಹೊತ್ತಿಗೆ ಕೊಡಬೇಕು ಎಂದು ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಳ್ಳಿ.

ಫಿಟ್ಸ್ ಹುಟ್ಟುವ ಗಡ್ಡೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಬೇರೆ ಮಾತು. ಬೆಂಗಳೂರಿನ ನಿಮ್ಹಾನ್ಸ್ ಸೇರಿ ದೇಶದ ಕೆಲವೇ ಕೇಂದ್ರಗಳಲ್ಲಿ ನಡೆಯುವ ಇಂಥ ಶಸ್ತ್ರಚಿಕಿತ್ಸೆಯಲ್ಲಿ ಮಿದುಳಿನ ಮೇಲ್ಮೈಯಿಂದಲೇ ವಿದ್ಯುತ್ ತರಂಗಗಳನ್ನು ದಾಖಲಿಸಿ ಯಾವ ಗಡ್ಡೆ ತಪ್ಪಿತಸ್ಥ ಎಂದು ಗುರುತಿಸುವುದುಂಟು. ನೈಟ್ರಸ್ ಆ ತರಂಗಗಳನ್ನು ಮಂಕಾಗಿಸಬಹುದು. ಹಾಗಾಗಿ ದಾಖಲಿಸುವ ಮುನ್ನ ಅದನ್ನು ನಿಲ್ಲಿಸುವುದು, ಇಲ್ಲವೇ ಮೊದಲಿನಿಂದಲೇ ಬಳಸದಿರುವುದು ಜಾಣತನ.

ಹೃದಯದ ಬಗ್ಗೆ ಎರಡು ಮಾತು ಸಾಕು. ಹಸುಗೂಸಿನ ರಾಬ್ಡೋಮಯೋಮ ರಕ್ತದ ದಾರಿಗೆ ಅಡ್ಡವಾಗಿದ್ದರೆ ಅಥವಾ ಬಡಿತದ ಲಯ ಕೆಡಿಸಿದ್ದರೆ ಅರಿವಳಿಕೆಯೇ ಅಪಾಯಕರ, ನೈಟ್ರಸ್ ಅದರಲ್ಲಿ ಸಣ್ಣ ಪಾಲುದಾರ. ಎಕೋ ಮತ್ತು ಇಸಿಜಿ ಆಗದೆ ಯಾವ ಔಷಧದ ಮಾತನ್ನೂ ಆಡಬಾರದು. ಮೂತ್ರಪಿಂಡಕ್ಕೂ ನೈಟ್ರಸ್‌ಗೂ ನೇರ ಜಗಳವಿಲ್ಲ.

ಬಿ12 ಎಂಬ ಮರೆತ ಲೆಕ್ಕ

ಗಾಳಿಯಷ್ಟು ಸದ್ದು ಮಾಡದ ಇನ್ನೊಂದು ಅಪಾಯವಿದೆ. ನಮ್ಮ ನೆಲದಲ್ಲಿ ಅದೇ ಹೆಚ್ಚು ಪ್ರಸ್ತುತ. 1956ರಲ್ಲಿ ಕೋಪನ್‌ಹೇಗನ್ನಿನ ವೈದ್ಯರು ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ನೈಟ್ರಸ್ ಕೊಟ್ಟು ಮಲಗಿಸಿದಾಗ ಅಸ್ಥಿಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿದ್ದನ್ನು ಕಂಡು ವರದಿ ಮಾಡಿದರು. ಕಾರಣ ಆಮೇಲೆ ತಿಳಿಯಿತು. ಬಿ12 ಜೀವಸತ್ವದ ನಡುಮಧ್ಯೆ ಕೋಬಾಲ್ಟ್ ಪರಮಾಣು ಇರುತ್ತದೆ. ನೈಟ್ರಸ್ ಅದನ್ನು ಆಕ್ಸಿಡೀಕರಿಸಿ ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಬಿ12 ಕೆಲಸ ಮಾಡದಿದ್ದರೆ ನರಗಳ ಹೊದಿಕೆಗೆ ಬೇಕಾದ ಮೆಥಿಯೋನಿನ್ ತಯಾರಾಗುವುದಿಲ್ಲ, ಫೋಲೇಟ್ ಇದ್ದೂ ಉಪಯೋಗಕ್ಕೆ ಬರುವುದಿಲ್ಲ. ಆರೋಗ್ಯವಂತರಿಗೆ ಒಂದೆರಡು ಗಂಟೆಯ ಅರಿವಳಿಕೆಯಿಂದ ತೊಂದರೆಯಿಲ್ಲ, ದಾಸ್ತಾನು ಸಾಕಷ್ಟಿರುತ್ತದೆ. ದಾಸ್ತಾನೇ ಖಾಲಿಯಿರುವವರಿಗೆ ಒಂದೇ ಅರಿವಳಿಕೆಯ ವಾರಗಳ ನಂತರ ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಕಂಡಿದೆ. ಫೋಲೇಟ್ ಬಳಸುವ ಕಿಣ್ವವೊಂದು ಹುಟ್ಟಿನಿಂದಲೇ ಇಲ್ಲದ ಹಸುಗೂಸೊಂದು ಎರಡು ಸಲ ನೈಟ್ರಸ್ ಅರಿವಳಿಕೆ ಪಡೆದ ಮೇಲೆ ತೀರಿಕೊಂಡ ಪ್ರಕರಣ 2003ರಲ್ಲಿ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು.

ನಮ್ಮಲ್ಲಿ ಬಿ12 ಕೊರತೆ ಬಹಳ ವ್ಯಾಪಕ, ಸಸ್ಯಾಹಾರಿ ಮನೆಗಳಲ್ಲಿ ಇನ್ನೂ ಹೆಚ್ಚು. ಕೊರತೆಯ ತಾಯಿಯ ಎದೆಹಾಲನ್ನಷ್ಟೇ ಕುಡಿದ ಮಗುವಿಗೂ ಕೊರತೆ ಬರುತ್ತದೆ. ಅದರ ಮೇಲೆ ಫಿಟ್ಸ್ ಔಷಧಗಳು: ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ವರ್ಷಗಟ್ಟಲೆ ಸೇವಿಸಿದರೆ ಫೋಲೇಟ್ ಕುಗ್ಗುತ್ತದೆ. ಆಗಾಗ ಅರಿವಳಿಕೆ, ದೀರ್ಘಕಾಲದ ಫಿಟ್ಸ್ ಮಾತ್ರೆ, ಹಾಲು ಅನ್ನದ ಮಿತ ಊಟ. ಟ್ಯೂಬರಸ್ ಸ್ಕ್ಲಿರೋಸಿಸ್ ಇರುವ ಮಗುವಿನಲ್ಲಿ ಈ ಮೂರೂ ಒಟ್ಟಿಗೆ ಸೇರುವುದು ಅಪರೂಪವಲ್ಲ. ಊಟದ ವಿಷಯದಲ್ಲಿ ಹಟ ಮಾಡುವ ಆಟಿಸಂ ಮಗುವನ್ನು ಸಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಬಿ12 ಮಟ್ಟವನ್ನು ಒಂದು ರಕ್ತಪರೀಕ್ಷೆ ಹೇಳುತ್ತದೆ. ಕೊರತೆಯಿದ್ದರೆ ಮೊದಲು ತುಂಬಿಸಬೇಕು, ತುರ್ತಿದ್ದರೆ ನೈಟ್ರಸ್ ಬಿಡಬೇಕು. ಇಷ್ಟು ಸರಳವಾದ ಪರೀಕ್ಷೆ ಅರಿವಳಿಕೆಗೆ ಮುನ್ನ ಬರೆಯುವ ಮಾಮೂಲಿ ಪಟ್ಟಿಯಲ್ಲಿ ಇರದಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಹಲ್ಲಿನ ಕುರ್ಚಿಯಲ್ಲಿ

ಇಷ್ಟೆಲ್ಲ ಓದಿ ಭಯಬಿದ್ದವರಿಗೆ ಇನ್ನೊಂದು ಮಗ್ಗುಲನ್ನೂ ತೋರಿಸಬೇಕು. ಈ ಕಾಯಿಲೆಯಲ್ಲಿ ಹಲ್ಲಿನ ಹೊಳಪುಪದರದ ಮೇಲೆ ಚುಕ್ಕೆಗುಳಿಗಳು, ಒಸಡಿನಲ್ಲಿ ಗಂಟುಗಳು ಸಾಮಾನ್ಯ. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕು ಎನ್ನುತ್ತದೆ ಮಾರ್ಗಸೂಚಿ. ಎವೆರೋಲಿಮಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಾಯಿಹುಣ್ಣು ಬೇರೆ. (ಆ ಔಷಧದ ಮೂಲವಾದ ಸಿರೋಲಿಮಸ್ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಬಂದದ್ದು, ಅದನ್ನು ಬೇರ್ಪಡಿಸಿ ಕಾಪಾಡಿದವರಲ್ಲಿ ಪ್ರಮುಖರು ಭಾರತೀಯ ಮೂಲದ ವಿಜ್ಞಾನಿ ಸುರೇನ್ ಸೆಹಗಲ್. ಎಂಟಾರ್‌ಗೆ ಲಗಾಮು ಹಾಕುವ ಈ ಔಷಧಗಳು ಇಂದು ಸೀಗಾ, ಮೂತ್ರಪಿಂಡದ ಗೆಡ್ಡೆ, ಲ್ಯಾಮ್ ಮೂರನ್ನೂ ತಡೆಯುತ್ತಿವೆ. ಗಾಯ ಮಾಯುವುದನ್ನು ನಿಧಾನಿಸುವುದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಅವನ್ನು ಎಷ್ಟು ದಿನ ನಿಲ್ಲಿಸಬೇಕೆಂದು ವೈದ್ಯರು ನಿರ್ಧರಿಸುತ್ತಾರೆ.)

ಎಂಟು ವರ್ಷದ ಹುಡುಗ, ಶ್ವಾಸಕೋಶ ಚೆನ್ನಾಗಿದೆ, ಮಿದುಳಿನ ಒತ್ತಡ ಸಹಜವಾಗಿದೆ, ಬಿ12 ಸರಿಯಿದೆ, ಮೂಗು ಕಟ್ಟಿಲ್ಲ, ಕಿವಿ ಸೋಂಕಿಲ್ಲ. ಹುಳುಕು ಹಲ್ಲು ತುಂಬಿಸಬೇಕು, ಸೂಜಿ ಕಂಡರೆ ಕಿರುಚುತ್ತಾನೆ. ಮೂಗಿನ ಮಾಸ್ಕಿನಲ್ಲಿ 30ರಿಂದ 50 ಶೇಕಡಾ ನೈಟ್ರಸ್, ಉಳಿದದ್ದು ಆಮ್ಲಜನಕ. ಹುಡುಗ ಎಚ್ಚರದಲ್ಲೇ ಇರುತ್ತಾನೆ, ಹೇಳಿದ್ದಕ್ಕೆ ಉತ್ತರಿಸುತ್ತಾನೆ, ಕೆಲಸ ಮುಗಿದ ಮೇಲೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಮನೆಗೆ ಹೋಗಬಹುದು. ಅವನಿಗೆ ನೈಟ್ರಸ್ ನಿರಾಕರಿಸಿ ಪೂರ್ಣ ಅರಿವಳಿಕೆಗೆ ಕಳಿಸಿದರೆ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ದೊಡ್ಡವರಲ್ಲಿ ನಡೆದ ಅಧ್ಯಯನವೂ ಈ ಅನಿಲವನ್ನು ಖಳನಾಯಕನ ಪಟ್ಟದಿಂದ ಇಳಿಸಿದೆ. ಹೃದ್ರೋಗದ ಅಪಾಯವಿರುವ 7,112 ಮಂದಿಯನ್ನು ಸೇರಿಸಿಕೊಂಡು 2014ರಲ್ಲಿ ಪ್ರಕಟವಾದ ಎನಿಗ್ಮಾ-2 ಪರೀಕ್ಷೆಯಲ್ಲಿ ನೈಟ್ರಸ್ ಪಡೆದವರಲ್ಲಿ ಸಾವು ಅಥವಾ ಹೃದಯದ ತೊಡಕು ಹೆಚ್ಚಾಗಲಿಲ್ಲ.

ಹಾಗಾದರೆ ಏನು ಮಾಡಬೇಕು?

ಎಚ್ಚರದಲ್ಲಿರುವ ಮಗುವಿಗೆ ಚಿಕ್ಕ ಅವಧಿಯ ಕೆಲಸಕ್ಕೆ, ಮೇಲಿನ ತಪಾಸಣೆಗಳೆಲ್ಲ ಸರಿಯಿದ್ದರೆ, ನೈಟ್ರಸ್ ಒಳ್ಳೆಯ ಗೆಳೆಯ. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ, ವಿಶೇಷವಾಗಿ ತಲೆ, ಎದೆ, ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ, ಈ ಕಾಯಿಲೆಯವರಿಗೆ ಅದರಿಂದ ಸಿಗುವ ಲಾಭ ತೀರಾ ಕಡಿಮೆ. ಗಾಳಿ ಮತ್ತು ಆಮ್ಲಜನಕದ ಮಿಶ್ರಣದಲ್ಲಿ ಸೆವೋಫ್ಲುರೇನ್, ಅಥವಾ ರಕ್ತನಾಳದ ಮೂಲಕ ಪ್ರೊಪೊಫಾಲ್, ಸಾಧ್ಯವಾದಲ್ಲಿ ನರಕ್ಕೆ ಚುಚ್ಚುವ ಸ್ಥಳೀಯ ಅರಿವಳಿಕೆ ಆ ಜಾಗ ತುಂಬುತ್ತವೆ. ಇನ್ನೊಂದು ಕಾರಣಕ್ಕೂ ಆಸ್ಪತ್ರೆಗಳು ಈಗ ನೈಟ್ರಸ್ ಕಡಿಮೆ ಮಾಡುತ್ತಿವೆ: ಒಂದು ಶತಮಾನಕ್ಕೂ ಹೆಚ್ಚು ಕಾಲ ವಾತಾವರಣದಲ್ಲಿ ಉಳಿಯುವ ಇದು ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಲಶಾಲಿ.

ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ವರದಿ, ಬೆಂಗಳೂರಿನಲ್ಲಿ ಇನ್ನೊಂದು, ಹಲ್ಲಿನ ವೈದ್ಯರ ಬಳಿ ಯಾವುದೂ ಇಲ್ಲ. ನಮ್ಮ ಕುಟುಂಬಗಳ ದೊಡ್ಡ ಕೊರತೆ ಇದು. ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಒಂದೇ ಕಡತ ಇಡಿ. ಕೊನೆಯ ಮಿದುಳಿನ ಎಂಆರ್‌ಐಯಲ್ಲಿ ಸೀಗಾ ಇತ್ತೇ, ಎಷ್ಟು ದೊಡ್ಡದು. ಎಕೋ, ಇಸಿಜಿ ಏನು ಹೇಳಿತು. ವಯಸ್ಕ ಮಹಿಳೆಯಾದರೆ ಎದೆಯ ಸಿಟಿ ಯಾವಾಗ ಆಯಿತು. ಕ್ರಿಯಾಟಿನಿನ್, ಬಿಪಿ, ಬಿ12 ಎಷ್ಟು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಕೀಟೋಜೆನಿಕ್ ಆಹಾರದಲ್ಲಿದ್ದಾರೆಯೇ (ಇದ್ದರೆ ಗ್ಲೂಕೋಸ್ ಡ್ರಿಪ್ ಹಾಕುವ ಮುನ್ನ ವೈದ್ಯರಿಗೆ ತಿಳಿದಿರಬೇಕು). ಹಿಂದಿನ ಅರಿವಳಿಕೆಗಳಲ್ಲಿ ಏನು ಕೊಟ್ಟರು, ಹೇಗೆ ಎದ್ದರು. ಮೊದಲ ಪುಟದಲ್ಲೇ ಇವೆಲ್ಲ ಒಂದೊಂದು ಸಾಲಿನಲ್ಲಿರಲಿ.

ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಓಟಿ ಬಾಗಿಲಲ್ಲಿ ಸಿಕ್ಕಿದರೆ ತಡವಾಯಿತು. ಕನಿಷ್ಠ ಒಂದು ವಾರ ಮುಂಚೆ ಭೇಟಿಯ ಸಮಯ ಕೇಳಿ. ಆ ಕಡತವನ್ನು ಅವರ ಮುಂದಿಟ್ಟು ನೇರವಾಗಿ ಕೇಳಿ: ‘ನೈಟ್ರಸ್ ಕೊಡುತ್ತೀರಾ? ಕೊಡುವುದಾದರೆ ಇವರ ಶ್ವಾಸಕೋಶ, ಮಿದುಳು, ಬಿ12 ನೋಡಿದ್ದೀರಾ?’ ಒಳ್ಳೆಯ ವೈದ್ಯರು ಈ ಪ್ರಶ್ನೆಯಿಂದ ಸಿಟ್ಟಾಗುವುದಿಲ್ಲ.